ಅತ್ತೆಯ ಗದ್ದ

ಚಹಾ ಬಾಯಿಯ ಬಲಗಡೆಯಿಂದ ಸೋರಿತು.

ಬೆಳಗಿನ ಹೊತ್ತು. ಅತ್ತೆ ಹೊಸ್ತಿಲ ಬಳಿ ಕೂತು ಬಸಿಯಲ್ಲಿ ಚಹಾ ಕುಡಿಯುತ್ತಿದ್ದರು. ಸೆರಗಿನ ಮೇಲೆ ಬಿದ್ದದ್ದನ್ನು ನೋಡಿ ಆ ಬಸಿಯನ್ನೇ ಬೈಯಲು ಹೋದರು. ಬೈಗುಳ ಹೊರಡಲಿಲ್ಲ. ಏನೋ ಒಂದು ಸದ್ದು ಬಂತು, ಅದು ಮಾತಾಗಲಿಲ್ಲ. ಬಸಿ ಕೈಯಿಂದ ಜಾರಿತು. ಗಿರಾಕಿಯ ಬ್ಲೌಸಿಗೆ ಹುಕ್ಕು ಹಚ್ಚುತ್ತಿದ್ದ ನಾನು ಸೂಜಿಯನ್ನು ಬಟ್ಟೆಯಲ್ಲೇ ಬಿಟ್ಟು ಓಡಿದೆ.

ನಮ್ಮ ಮನೆ ಹೊಸಪೇಟೆಯಲ್ಲಿ, ಟಿ.ಬಿ. ಡ್ಯಾಂ ಕಡೆ ಹೋಗುವ ರಸ್ತೆಯ ಪಕ್ಕದ ಓಣಿಯಲ್ಲಿ. ನನ್ನ ಗಂಡ ಮಂಜುನಾಥ ಸಂಡೂರಿನ ಗಣಿಯಲ್ಲಿ ಟಿಪ್ಪರ್ ಓಡಿಸುತ್ತಾರೆ. ಅವತ್ತು ಅವರು ಆಗಲೇ ಶಿಫ್ಟಿಗೆ ಹೋಗಿಯಾಗಿತ್ತು. ಎದುರುಮನೆಯವರ ಆಟೋದಲ್ಲಿ ಅತ್ತೆಯನ್ನು ಕೂರಿಸಿಕೊಂಡು ನಾನೇ ಆಸ್ಪತ್ರೆಗೆ ಹೊರಟೆ. ದಾರಿಯುದ್ದಕ್ಕೂ ಅವರ ಬಲಗೈ ನನ್ನ ತೊಡೆಯ ಮೇಲೆ ಬಿದ್ದುಕೊಂಡಿತ್ತು. ತಮ್ಮೂರು ಬುಕ್ಕಸಾಗರದ ಗದ್ದೆಗಳಲ್ಲಿ ಭತ್ತ ನಾಟಿ ಮಾಡಿದ ಕೈ ಅದು. ಹಿಡಿದರೆ ಬಿಡುವ ಕೈಯಲ್ಲ. ಅವತ್ತು ಅದು ನನ್ನನ್ನು ಹಿಡಿಯಲೇ ಇಲ್ಲ.

ಸಿಟಿ ಸ್ಕ್ಯಾನ್ ಆಯಿತು. ಡಾಕ್ಟರ್ ಹೊರಗೆ ಬಂದರು.

“ಸ್ಟ್ರೋಕ್ ಆಗೈತ್ರಿ. ಜಲ್ದಿ ಕರ್ಕೊಂಡ್ ಬಂದು ಚಲೋ ಮಾಡೀರಿ. ಜೀವಕ್ಕ ಭಯ ಇಲ್ಲ. ಆದ್ರ ಬಲಗೈ ಶಕ್ತಿ ಕಮ್ಮಿ ಆಗೈತಿ. ಮತ್ತ...” ಎಂದು ತಮ್ಮ ಬಾಯಿ ತೋರಿಸಿ, “ಮಾತು,” ಎಂದರು.

ಅತ್ತೆಗೆ ಮಾತು ಹೋಗಿತ್ತು.

ನಮ್ಮತ್ತೆ ಹುಲಿಗೆಮ್ಮನವರನ್ನು ಬಲ್ಲವರಿಗಷ್ಟೇ ಈ ಮಾತಿನ ಭಾರ ತಿಳಿದೀತು. ಬುಕ್ಕಸಾಗರದ ಬಸ್ಸು ಹತ್ತಿದರೆ ಇಳಿಯುವಷ್ಟರಲ್ಲಿ ಕಂಡಕ್ಟರನ ಮನೆಯ ಜಗಳ ಬಗೆಹರಿಸಿ ಇಳಿಯುವ ಹೆಂಗಸು. ನನ್ನ ಹತ್ತಿರ ಅಳತೆ ಕೊಡಲು ಬಂದವರು ಅವರ ಮಾತು ಕೇಳುತ್ತ ಕೂತು, ಅಳತೆ ಕೊಡುವುದನ್ನೇ ಮರೆತು ಹೋದದ್ದುಂಟು. ನನ್ನನ್ನಂತೂ ದಿನವಿಡೀ ಕಾಡುತ್ತಿದ್ದರು. “ರೇಣುಕಾ, ನಿನ್ನ ಹೊಲಿಗಿ ನೆಟ್ಟಗ, ಅಡಿಗಿ ಸೊಟ್ಟ,” ಎನ್ನುತ್ತಲೇ ಎರಡನೇ ಸಲ ಪಲ್ಯ ಹಾಕಿಸಿಕೊಳ್ಳುತ್ತಿದ್ದರು. ಅವರ ಬಾಯಿಗೆ ನಾನು ಎಷ್ಟೋ ಸಲ ಬೇಸತ್ತಿದ್ದೇನೆ. ಆದರೆ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಆ ಮನೆಯಲ್ಲಿ ನನ್ನ ಹೊಲಿಗೆ ಮಷೀನಿನ ಸದ್ದೊಂದೇ ಕೇಳತೊಡಗಿದಾಗ ನನಗೆ ಕೂತು ಅಳಬೇಕೆನ್ನಿಸಿತು. ಅತ್ತೂಬಿಟ್ಟೆ.

ಕಂಪ್ಲಿಯಿಂದ ನನ್ನ ಗಂಡನ ಅಕ್ಕ ಗಂಗಕ್ಕ ಬಂದಳು. ತಾಯಿಯ ಬಾಯಿ ಒಂದು ಕಡೆ ವಾಲಿದ್ದನ್ನು ನೋಡಿ ಗೊಳೋ ಎಂದು ಅತ್ತಳು. ಅತ್ತು ಮುಗಿಸಿ, ಕಣ್ಣೊರೆಸಿಕೊಂಡು, ಮನೆಯ ಯಜಮಾನಿಕೆ ಕೈಗೆ ತೆಗೆದುಕೊಂಡಳು.

“ಮೊದ್ಲು ಕನ್ನಡಿ ಮುಚ್ಚ್ರಿ. ಬಾಯಿ ಸೊಟ್ಟ ಆದೋರು ಕನ್ನಡಿ ನೋಡಬಾರ್ದು. ನೋಡಿದ್ರ ಸೊಟ್ಟ ಹಂಗ ನಿಂತುಬಿಡ್ತೈತಿ.”

ಬಚ್ಚಲುಮನೆಯ ಪುಟ್ಟ ಕನ್ನಡಿ ಮಂಚದ ಕೆಳಗೆ ಹೋಯಿತು. ಗಿರಾಕಿಗಳು ಬ್ಲೌಸ್ ಹಾಕಿ ನೋಡಿಕೊಳ್ಳಲು ನಾನು ಇಟ್ಟುಕೊಂಡಿದ್ದ ನಿಲುವುಗನ್ನಡಿಗೆ ಒಂದು ಚಾದರ ಬಿತ್ತು. ಹೊಸ ಬ್ಲೌಸ್ ತೊಟ್ಟ ಹೆಣ್ಣುಮಕ್ಕಳು ಚಾದರದ ಮುಂದೆ ನಿಂತು, “ಬೆನ್ನಿಗೆ ಸರಿ ಕುಂತೈತೇನ್ರಿ?” ಎಂದು ನನ್ನನ್ನೇ ಕೇಳಬೇಕಾಯಿತು. ನಂಬಿಕೆಯೋ ಭಯವೋ, ನಾವ್ಯಾರೂ ಎದುರಾಡಲಿಲ್ಲ. ಅತ್ತೆಯ ಮೇಲಿನ ಅಕ್ಕರೆಯಿಂದಲೇ ಮಾಡಿದೆವು.

ಸ್ಪೀಚ್ ಥೆರಪಿ ಶುರುವಾದದ್ದು ಆಮೇಲೆ. ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಮೇಡಂ. ಅವರು ಅತ್ತೆಯ ಮುಂದೆ ಇಟ್ಟ ಮೊದಲ ಸಾಮಾನೇ ಕನ್ನಡಿ.

“ಅಮ್ಮಾ, ಕನ್ನಡಿಯೊಳಗ ನಿಮ್ಮ ಬಾಯಿ ನೋಡ್ಕೋತ ‘ಆ’ ಅನ್ರಿ.”

ಅತ್ತೆ ಎಡಗೈಯಿಂದ ಸೆರಗನ್ನು ಮೂಗಿನವರೆಗೆ ಎಳೆದುಕೊಂಡರು. ಕಣ್ಣು ಮುಚ್ಚಿದರು. ಮೇಡಂ ಮೆಲ್ಲಗೆ ಸೆರಗು ಸರಿಸಲು ಹೋದರೆ ಅವರ ಕೈಗೆ ಒಂದೇಟು ಬಿತ್ತು.

ಅವತ್ತಿನಿಂದ ಸೆರಗು ಇಳಿಯಲೇ ಇಲ್ಲ. ಊಟ ಮಾಡಿಸುವಾಗಲೂ ಸೆರಗಿನ ಒಳಗೇ ಚಮಚ ಹೋಗಬೇಕು. ಯಾರಾದರೂ ನೋಡಲು ಬಂದರೆ ಗೋಡೆಯ ಕಡೆ ತಿರುಗಿ ಮಲಗುವುದು. ಗಂಡ ಶಿಫ್ಟ್ ಮುಗಿಸಿ ಬಂದು ತಾಯಿಯ ಮಂಚದ ಅಂಚಿಗೆ ಕೂತು, “ಅವ್ವಾ, ಈ ಕಡೆ ನೋಡಬೇ,” ಎಂದು ಬೇಡಿಕೊಂಡರೂ ಅದೇ ಬೆನ್ನು. ಬಾಯಿ ಸೊಟ್ಟಾದ ನಾಚಿಕೆ ಎಂದುಕೊಂಡೆವು ನಾವು. ಬಂದವರೂ ಹಾಗೇ ಅಂದುಕೊಂಡು ಹೋದರು.

ಡಾಕ್ಟರ್ ಮಾತ್ರ ನೇರವಾಗಿ ಹೇಳಿದರು. “ಮಾತು ವಾಪಸ್ ಬರೋದಿದ್ರ ಈ ಮೊದಲ ಕೆಲವು ತಿಂಗಳೊಳಗ ಚಲೋತ್ನಾಗಿ ಬರ್ತೈತಿ. ಪ್ರಾಕ್ಟೀಸ್ ಮಾಡಬೇಕು. ಹಿಂಗ ಸೆರಗು ಮುಚ್ಕೊಂಡ್ ಕುಂತ್ರ ತಡ ಆಗ್ತೈತಿ, ತಡ ಆದಂಗ ಕಷ್ಟ.”

ಮನೆಗೆ ಬರುವಾಗ ಆಟೋದಲ್ಲಿ ನಾನು ಸಿಟ್ಟಿನಿಂದ ಅತ್ತೆಗೆ ಬೈದೆ. ಅವರು ನನ್ನತ್ತ ಕಣ್ಣು ಸಹ ಕೆಕ್ಕರಿಸಲಿಲ್ಲ. ಅದೇ ನನ್ನನ್ನು ಹೆದರಿಸಿತು.

ಸ್ನಾನ ಮಾಡಿಸುವುದು ನನ್ನ ಕೆಲಸ. ಮೊದಮೊದಲು ಇಬ್ಬರಿಗೂ ಸಂಕೋಚ. ಆಮೇಲೆ ರೂಢಿಯಾಯಿತು. ಅತ್ತೆ ಸ್ಟೂಲಿನ ಮೇಲೆ ಕೂತು ಬೆನ್ನು, ತೋಳು, ಕಾಲು ಎಲ್ಲವನ್ನೂ ನನಗೆ ಒಪ್ಪಿಸುತ್ತಿದ್ದರು. ಒದ್ದೆ ಸೀರೆಯ ತುದಿಯನ್ನು ಮಾತ್ರ ಎಡಗೈಯಲ್ಲಿ ಗದ್ದಕ್ಕೆ ಒತ್ತಿ ಹಿಡಿದಿರುತ್ತಿದ್ದರು. ಮೈಯೆಲ್ಲ ನನ್ನ ಕೈಗೆ ಕೊಟ್ಟವರು ಗದ್ದ ಮಾತ್ರ ಕೊಡಲಿಲ್ಲ. ಆಗಲೂ ನನಗೆ ಹೊಳೆಯಲಿಲ್ಲವಲ್ಲ!

ಒಂದು ಶುಕ್ರವಾರ ತಲೆಗೆ ಎರೆಯುತ್ತಿದ್ದೆ. ಸೀಗೆಪುಡಿಯ ನೀರು ಅವರ ಕಣ್ಣಿಗೆ ಹೋಯಿತು. ಎಡಗೈ ಕಣ್ಣಿಗೆ ಏರಿತು. ಸೀರೆ ಜಾರಿತು.

ಗದ್ದದ ತುಂಬ ಕೂದಲು.

ಕೆಲವು ಬಿಳಿ, ಕೆಲವು ಕಪ್ಪು, ದಪ್ಪಗೆ ಸುರುಳಿ ಸುತ್ತಿಕೊಂಡವು. ಅವುಗಳ ನಡುವೆ ಕೆಂಪಗೆ ಗೀರಿದ ಗಾಯಗಳು. ಬಲಗೈ ಆಡುವುದಿಲ್ಲವಲ್ಲ, ರೂಢಿಯಿಲ್ಲದ ಎಡಗೈ ಉಗುರಿನಿಂದ ಸೆರಗಿನೊಳಗೇ ಕೀಳಲು ಹೋಗಿ ಚರ್ಮವನ್ನೇ ಕಿತ್ತುಕೊಂಡಿದ್ದರು. ನಾನು ತಂಬಿಗೆ ಹಿಡಿದು ಹಾಗೇ ನಿಂತೆ. ಶುಕ್ರವಾರ ಬಂದರೆ ಇವರು ಬಚ್ಚಲುಮನೆಯ ಚಿಲಕ ಹಾಕಿಕೊಂಡು ಅಷ್ಟು ಹೊತ್ತು ಏನು ಮಾಡುತ್ತಿದ್ದರು ಎಂಬುದು ಈಗ ತಿಳಿಯಿತು. ಅರಿಷಿಣ ತಿಕ್ಕಿಕೊಳ್ಳುತ್ತಾರೆ ಎಂದೇ ನಾನು ಮದುವೆಯಾಗಿ ಬಂದಾಗಿನಿಂದ ನಂಬಿದ್ದೆ. ನಾವು ಕನ್ನಡಿ ಕಸಿದುಕೊಂಡದ್ದು ಇಂಥವರಿಂದ.

“ಇದಕ್ಕೇನ್ರಿ ಅತ್ತಿ, ಸೆರಗು ಮುಚ್ಕೊಂಡಿದ್ದು?” ಎಂದೆ.

ಕಣ್ಣು ಮುಚ್ಚಿಕೊಂಡೇ ಹೌದೆಂದು ತಲೆಯಾಡಿಸಿದರು. ಸೀಗೆಯ ಉರಿಯೋ ಅಳುವೋ, ನೀರು ಇಳಿಯುತ್ತಲೇ ಇತ್ತು. ನಾನು ಒದ್ದೆ ಮೈಯನ್ನೇ ತಬ್ಬಿಕೊಂಡೆ. ನನ್ನ ಸೀರೆಯೂ ತೊಯ್ದಿತು.

ಸೀರೆ ಉಡಿಸಿ ಮಂಚಕ್ಕೆ ತಂದ ಮೇಲೆ ಅತ್ತೆ ಗೋಡೆಯ ಮೊಳೆಗೆ ತೂಗುಹಾಕಿದ್ದ ಎಲೆಯಡಿಕೆ ಚೀಲದತ್ತ ಕೈ ಮಾಡಿದರು. ನುಂಗಲು ತೊಂದರೆ ಇದೆಯೆಂದು ಎಲೆಯಡಿಕೆ ಬಂದ್ ಮಾಡಿಸಿದ್ದೆವು. “ಎಲಿ ಬ್ಯಾಡಂತ ಡಾಕ್ಟ್ರು ಹೇಳ್ಯಾರ, ಸುಮ್ನಿರ್ರಿ,” ಎಂದು ಗದರಿದೆ. ಅವರು ಮಂಚ ಬಡಿದರು. ಚೀಲ ಕೊಟ್ಟರೆ ಅದನ್ನು ತಲೆಕೆಳಗು ಮಾಡಿ ಕೊಡವಿದರು. ಅಡಿಕೆ ಚೂರುಗಳ ಜೊತೆ ಒಂದು ಚಿಮಟ ಬಿತ್ತು. ಹೊಲಕ್ಕೆ ಹೋಗುವವರು ಕಾಲಿಗೆ ಚುಚ್ಚಿದ ಜಾಲಿಮುಳ್ಳು ಕೀಳಲು ಇಟ್ಟುಕೊಳ್ಳುವಂಥದ್ದು. ಅದನ್ನು ನನ್ನ ಅಂಗೈಯಲ್ಲಿಟ್ಟರು. ಆಮೇಲೆ ತಮ್ಮ ತುಟಿಯ ಮೇಲೆ ಬೆರಳಿಟ್ಟರು. ಯಾರಿಗೂ ಹೇಳಬೇಡ.

ಮಗನಿಗೂ ಹೇಳಬೇಡ ಎಂದೇ ಅದರ ಅರ್ಥ. ಹೂಂ ಎಂದೆ.

ಎರಡು ಕೂದಲು ಕೀಳುವಷ್ಟರಲ್ಲಿ ರಕ್ತ ಜಿನುಗಿತು. ರಕ್ತ ತೆಳುವಾಗುವ ಮಾತ್ರೆ ನಡೆದಿತ್ತು, ಒರೆಸಿದರೂ ನಿಲ್ಲದು. ಹೆದರಿ ಚಿಮಟ ಬಿಟ್ಟೆ. ಮೆಡಿಕಲ್ ಶಾಪಿನಿಂದ ಕೂದಲು ತೆಗೆಯುವ ಕ್ರೀಮ್ ತಂದೆ. ಗಾಯದ ಮೇಲೆ ಹಚ್ಚಬಾರದು, ಮೊದಲು ಕೈ ಮೇಲೆ ಹಚ್ಚಿ ನೋಡಬೇಕು ಎಂದೆಲ್ಲ ಅದರ ಮೇಲೆ ಬರೆದಿತ್ತಂತೆ. ಯಾರು ಓದುತ್ತಾರೆ? ಹಚ್ಚಿ, ಬಿಟ್ಟು, ಒರೆಸಿದೆ. ಕೂದಲು ಹೋಯಿತು. ಗದ್ದ ನುಣ್ಣಗಾಯಿತು. ಇಬ್ಬರಿಗೂ ಖುಷಿ. ಆ ಖುಷಿಯಲ್ಲೇ ಅತ್ತೆ ಅರಿಷಿಣದ ಬಟ್ಟಲು ತೋರಿಸಿದರು. ಮುಖಕ್ಕೆ ಏನು ಮಾಡಿದರೂ ಕೊನೆಗೆ ಅರಿಷಿಣ ಹಚ್ಚದೆ ನಮ್ಮ ಕಡೆಯ ಹೆಂಗಸರಿಗೆ ಅದು ಮುಗಿದಂತೆ ಅನ್ನಿಸುವುದಿಲ್ಲ. ಕಲ್ಲಿನ ಮೇಲೆ ಕೊಂಬು ತೇದು ನಾನೇ ಚೆನ್ನಾಗಿ ತಿಕ್ಕಿದೆ.

ಅತ್ತೆ ಕಿರುಚಿದರು. ಸ್ಟ್ರೋಕ್ ಆದ ಮೇಲೆ ಅವರ ಗಂಟಲಿನಿಂದ ಬಂದ ಮೊದಲ ದೊಡ್ಡ ದನಿ ಅದು.

ಸಂಜೆಗೆ ಗದ್ದ ಬೆಂದ ಹಾಗೆ ಕೆಂಪಾಗಿ ಊದಿತು. ಗಂಡ ಬಂದವರೇ, “ಏನ್ ಮಾಡಿಟ್ಟೀಲೇ ನಮ್ಮವ್ವನ ಮಾರಿಗಿ?” ಎಂದು ಕೂಗಾಡಿದರು. ನಾನು ಅತ್ತೆಯ ಕಡೆ ನೋಡಿದೆ. ಅತ್ತೆ ನನ್ನ ಕಡೆ ನೋಡಿದರು.

“ಅರಿಷಿಣ ಒಗ್ಗಲಿಲ್ರಿ,” ಎಂದೆ. ಸುಳ್ಳೇನೂ ಅಲ್ಲ.

ಮರುದಿನ ಸ್ಕಿನ್ ಡಾಕ್ಟರ ಹತ್ತಿರ ಹೋದೆವು. ಗಂಡನನ್ನು ಉಪಾಯವಾಗಿ ಹೊರಗೆ ಕೂರಿಸಿದೆ. ಡಾಕ್ಟರ್ ನನ್ನ ವಯಸ್ಸಿನ ಹೆಣ್ಣುಮಗಳು. ನಾನು ತಡವರಿಸಿ ಎಲ್ಲ ಹೇಳಿದೆ. ಅವರು ನಗಲಿಲ್ಲ. ಅತ್ತೆಯ ಗದ್ದವನ್ನು ಎರಡು ಬೆರಳಲ್ಲಿ ಎತ್ತಿ, ಬೆಳಕಿಗೆ ಹಿಡಿದು ನೋಡಿದರು.

“ಅಮ್ಮಾ, ವಯಸ್ಸಾದ ಮ್ಯಾಲೆ ಹಾರ್ಮೋನ್ ಬದಲಾಗ್ತಾವು. ಭಾಳ ಹೆಂಗಸ್ರಿಗೆ ಇದು ಬರ್ತೈತಿ. ನೀವೊಬ್ರ ಅಲ್ಲ.”

ಅತ್ತೆ ಅವರ ಮುಖವನ್ನೇ ನೋಡುತ್ತಿದ್ದರು. ಆ ಕೊನೆಯ ಮಾತನ್ನು ಇನ್ನೊಮ್ಮೆ ಹೇಳಲಿ ಎಂಬಂತೆ.

ಮುಲಾಮು ಬರೆದುಕೊಟ್ಟು ನನಗೆ ಹೇಳಿದರು: “ವ್ಯಾಕ್ಸ್ ಬ್ಯಾಡ, ಕ್ರೀಮ್ ಬ್ಯಾಡ, ಕೀಳೋದೂ ಬ್ಯಾಡ. ರಕ್ತದ ಮಾತ್ರಿ ಐತಿ, ಶುಗರ್ ಐತಿ, ಗಾಯ ಆದ್ರ ಮಾಯೋದು ತಡ. ಗದ್ದ ಆರಿದ ಮ್ಯಾಲೆ ಮಾರಿಗಂತ ಬರೋ ಸಣ್ಣ ಟ್ರಿಮ್ಮರ್ ತಗೊಂಡು ಒಣ ಚರ್ಮದ ಮ್ಯಾಲೆ ಮೆಲ್ಲಕ ಆಡಸ್ರಿ. ಆಮ್ಯಾಲೆ ಸಾದಾ ಕ್ರೀಮ್ ಹಚ್ಚ್ರಿ. ಅವತ್ತು ಅರಿಷಿಣ ಬ್ಯಾಡ.”

“ಮಷೀನ್ ಆಡಿಸಿದ್ರ ಗಂಡಸ್ರ ಗತೆ ದಪ್ಪ ಬರೋದಿಲ್ಲೇನ್ರಿ?”

“ಇಲ್ರಿ. ಕತ್ತರಿಸಿದ ತುದಿ ಮೊಂಡ ಇರ್ತೈತಿ, ಅದಕ್ಕ ಕೈಗೆ ಚುಚ್ಚಿದಂಗ ಆಗ್ತೈತಿ ಅಷ್ಟ. ಕೂದ್ಲು ಇದ್ದಷ್ಟ ಇರ್ತಾವು.”

ಗದ್ದ ಆರುವವರೆಗೆ ಕಾದೆವು. ಆಮೇಲಿನ ಶುಕ್ರವಾರ, ಗಂಡ ಕೆಲಸಕ್ಕೆ ಹೋದ ಮೇಲೆ, ಬಾಗಿಲು ಹಾಕಿ ನಿಲುವುಗನ್ನಡಿಯ ಚಾದರ ಎಳೆದೆ. ಅತ್ತೆಯನ್ನು ಅದರ ಮುಂದೆ ಕೂರಿಸಿದೆ. ಬಾಯಿ ಸೊಟ್ಟಾದದ್ದನ್ನು ಇಷ್ಟು ದಿನದ ಮೇಲೆ ನೋಡಿ ಎದೆ ಒಡೆದುಕೊಂಡರೆ?

ಟ್ರಿಮ್ಮರ್ ಜುಂಯ್ ಎಂದಿತು. ಚರ್ಮವನ್ನು ಬಟ್ಟೆಯ ಹಾಗೆ ಒಂದು ಬೆರಳಿನಿಂದ ಹಿಗ್ಗಿಸಿ ಹಿಡಿದು, ಮೆಲ್ಲಗೆ ಆಡಿಸಿದೆ. ಮುಗಿದಾಗ ಅತ್ತೆ ಕನ್ನಡಿಯತ್ತ ಬಾಗಿದರು. ಗದ್ದವನ್ನು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು, ಎತ್ತಿ ಕೆಳಗೆ ನೋಡಿದರು. ವಾಲಿದ ಬಾಯಿಯ ಮೇಲೆ ಅವರ ಕಣ್ಣು ನಿಲ್ಲಲೇ ಇಲ್ಲ. ಅದು ಕಾಯಿಲೆಯಿಂದ ಬಂದದ್ದು, ಅದಕ್ಕೇನು ನಾಚಿಕೆ? ಒಂದು ಕೂದಲು ಉಳಿದಿತ್ತು. ಅದನ್ನು ಬೆರಳಿಟ್ಟು ತೋರಿಸಿದರು. ಕಾಯಿಲೆ ಬಿದ್ದರೂ ಅತ್ತೆ ಅತ್ತೆಯೇ ಎಂದು ನನಗೆ ನಗು ಬಂತು.

“ಈಗರ ‘ಆ’ ಅನ್ರಿ ಅತ್ತಿ.”

“ಆ,” ಎಂದರು.

ಅಲ್ಲಿಂದ ಮುಂದೆ ಆಸ್ಪತ್ರೆಯಲ್ಲಿ ಸೆರಗು ಹೆಗಲ ಮೇಲೇ ಇತ್ತು. ಮೇಡಮ್ಮಿಗೆ ಆಶ್ಚರ್ಯ. ಆ, ಈ, ಊ. ಮಾ, ಬಾ. ಒಂದು ಶಬ್ದಕ್ಕಾಗಿ ಅತ್ತೆ ಬೆವರುತ್ತಿದ್ದರು. ಕೆಲವು ದಿನ ಬಂದದ್ದೂ ಹೋಗುತ್ತಿತ್ತು. ಸಿಟ್ಟಿನಿಂದ ಮಂಚ ಬಡಿಯುತ್ತಿದ್ದರು. ಆದರೂ ಗೋಡೆಯ ಕಡೆ ತಿರುಗಲಿಲ್ಲ. ಬಲಗೈ ಇವತ್ತಿಗೂ ಅರ್ಧದಷ್ಟೇ ಏಳುತ್ತದೆ. ಪೂರ್ತಿ ಬರುತ್ತದೆಂದು ಡಾಕ್ಟರ್ ಹೇಳಿಲ್ಲ, ನಾವೂ ಕೇಳುವುದನ್ನು ಬಿಟ್ಟಿದ್ದೇವೆ.

ಮೊನ್ನೆ ಗಂಗಕ್ಕ ಕಂಪ್ಲಿಯಿಂದ ಬಂದಳು. ಒಳಗೆ ಕಾಲಿಟ್ಟವಳೇ ಕನ್ನಡಿ ನೋಡಿ ಉರಿದುಬಿದ್ದಳು.

“ಯಾರು ತಗದ್ರು ಚಾದರ? ರೇಣುಕಾ, ನನ್ನ ಮಾತಿಗಿ ಇಷ್ಟ ಏನು ಕಿಮ್ಮತ್ತು?”

ಕಾರಣ ಹೇಳಿದರೆ ಅತ್ತೆಗೆ ಕೊಟ್ಟ ಮಾತು ಹೋಗುತ್ತಿತ್ತು. ಅತ್ತೆ ಮಂಚದಿಂದ ಎಡಗೈ ಚಾಚಿ ಮಗಳನ್ನು ಕರೆದರು, ಪಕ್ಕಕ್ಕೆ ಕೂರಿಸಿಕೊಂಡರು. ಆ ಸ್ಕಿನ್ ಡಾಕ್ಟರ್ ಮಾಡಿದಂತೆಯೇ ಅವಳ ಗದ್ದವನ್ನು ಎರಡು ಬೆರಳಲ್ಲಿ ಎತ್ತಿ, ಬಾಗಿಲ ಬೆಳಕಿಗೆ ಹಿಡಿದರು. ಗಂಗಕ್ಕ ಗಾಬರಿಯಾಗಿ ಸೆರಗು ಎಳೆದುಕೊಂಡಳು. ಅಷ್ಟರಲ್ಲಿ ನಾನೂ ನೋಡಿದ್ದೆ. ದಟ್ಟ ಅರಿಷಿಣದ ಅಡಿಯಲ್ಲಿ ಕಿತ್ತು ಕಿತ್ತು ಕಪ್ಪಾದ ಕಲೆಗಳು.

ಅತ್ತೆ ಆ ಸೆರಗನ್ನು ಮೆಲ್ಲಗೆ ಇಳಿಸಿದರು. ತುಟಿ ಕೂಡಿಸಿದರು. ಕುತ್ತಿಗೆಯ ನರ ಬಿಗಿಯಿತು.

“ಸುಕ್...ರಾರ... ಬಾ,” ಎಂದರು. “ತಗ್...ಸೋನು.”

ತಾಯಿಗೆ ಮಾತು ಬಂತೆಂದು ಗಂಗಕ್ಕ ಅಳತೊಡಗಿದಳು. ಶುಕ್ರವಾರ ಬಂದು ಏನು ತೆಗೆಸಿಕೊಳ್ಳಬೇಕು ಎಂಬುದು ಅವಳ ತಲೆಗೆ ಹೋದದ್ದು ಆಮೇಲೆ. ಅಳು ನಿಂತಿತು. ತಾಯಿಯ ನುಣ್ಣನೆಯ ಗದ್ದವನ್ನು ಮುಟ್ಟಿ ನೋಡಿದಳು.

“ಯವ್ವಾ, ನಿನಗೂ ಇದ್ವೇನ? ಮತ್ತ ಇಷ್ಟ್ ವರ್ಷ ನಾ ಒಬ್ಬಾಕಿನ ಹಿಂಗದೀನಿ ಅನ್ಕೊಂಡಿದ್ನಲ್ಲಬೇ.”