ಶರಣುವಿನ ರೂಮು ಲಾಡ್ಜ್ ಆದ ಭಾನುವಾರ

‘ಅತ್ತಿ, ನಾಳಿ ಹುಡುಗಿ ಕಡೇರು ಮನಿ ನೋಡ್ಲಿಕ್ಕಿ ಬರ್ಲಕತ್ತಾರ!’

ಅಣ್ಣನ ಮಗ ಶರಣು ಫೋನಿನಲ್ಲಿ ಹೀಗೆ ಕೂಗಿದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ. ಯಾವ ಮನೆ?

ಕಲಬುರಗಿಯ ಈ ಹುಡುಗ ದೊಡ್ಡನೆಕ್ಕುಂದಿಯ ಫ್ಯಾಕ್ಟರಿಯೊಂದರಲ್ಲಿ ಲೇತ್ ಮೆಷಿನ್ ಮೇಲೆ ಕೆಲಸ ಮಾಡುತ್ತಾನೆ. ಇರುವುದು ಅದರ ಹಿಂದಿನ ಬೀದಿಯ ಪಿಜಿಯಲ್ಲಿ, ಒಂದು ರೂಮಿಗೆ ನಾಲ್ವರು. ಗೋಡೆಯ ಸುಣ್ಣ ಊಟದ ತಟ್ಟೆಗೆ ಉದುರುತ್ತದೆ. ಕಿಟಕಿ ತೆರೆದರೆ ಪಕ್ಕದ ಬಿಲ್ಡಿಂಗಿನವರ ಕಿಟಕಿ. (ಅವರ ಟಿವಿಯನ್ನು ಇವರು ನೋಡುತ್ತಾರೆ. ಚಾನೆಲ್ ಬದಲಿಸಿ ಅಂತ ಕೂಗಿ ಹೇಳುವಷ್ಟು ಸಲಿಗೆಯೂ ಬೆಳೆದಿದೆ.)

ಇಂಥ ಜಾಗವನ್ನು ಏನೆಂದು ಕರೆಯಬೇಕು? ಅದು ಕರೆಯುವವರ ಮೇಲೆ ನಿಂತಿದೆ. ಓನರ್ ‘ಲಕ್ಷುರಿ ಸ್ಟೇ’ ಅಂತ ಬೋರ್ಡ್ ಹಾಕಿದ್ದಾರೆ. ಶರಣು ‘ರೂಮು’ ಅನ್ನುತ್ತಾನೆ. ಊರಿನಲ್ಲಿರುವ ಅವನಮ್ಮನಿಗೆ ಅದು ‘ಬೆಂಗಳೂರಿನ ಮನಿ’. ಎದುರು ಮನೆಯವರಿಗೆ ‘ಈ ಹಾಳು ಪಿಜಿ’. ನನ್ನ ಗಂಡ ಒಮ್ಮೆ ನೋಡಿ ಬಂದು ‘ಕೊಂಪೆ’ ಎಂದಿದ್ದರು. ಗಮನಿಸಿದ್ದೀರಾ? ‘ಕೊಂಪೆ’ ಯಾವಾಗಲೂ ಬೇರೆಯವರದ್ದು. ನಮ್ಮದು ಎಷ್ಟೇ ಕೆಟ್ಟಿರಲಿ, ‘ಸ್ವಲ್ಪ ಹಳೇ ಮನೆ’!

‘ವಠಾರ’ದ ಕಥೆ ಇನ್ನೂ ಮಜಾ. ಹಲಸೂರಿನ ವಠಾರದಲ್ಲಿದ್ದಾಗ ನಲ್ಲಿ ಹತ್ತಿರ ದಿನಾ ಜಗಳವಾಡಿ ಅದಕ್ಕೆ ಹಿಡಿಶಾಪ ಹಾಕಿದವಳು ನಾನೇ. ಕಲ್ಯಾಣ ನಗರದ ಫ್ಲಾಟಿಗೆ ಬಂದ ಮೇಲೆ ‘ಆಹಾ, ವಠಾರದ ದಿನಗಳು’ ಅಂತ ನಿಟ್ಟುಸಿರು. ಛತ್ರವನ್ನು ಮದುವೆಗೆಂದು ಓಡಾಡಿ ಬುಕ್ ಮಾಡುತ್ತೇವೆ. ಮಕ್ಕಳು ತಡವಾಗಿ ಬಂದರೆ ‘ಇದೇನು ಮನೇನಾ, ಛತ್ರನಾ?’ ಅಂತ ಅದೇ ಪದದಿಂದ ಬೈಯುತ್ತೇವೆ. ಇನ್ನು ‘ಲಾಡ್ಜ್’? ಶಿವಾಜಿನಗರದ ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದವರ ಎದುರು ಆ ಪದ ಹೇಳಿ ನೋಡಿ. ದನಿ ತಾನಾಗಿಯೇ ತಗ್ಗುತ್ತದೆ.

ಇರಲಿ, ಶರಣುವಿನ ವಿಷಯಕ್ಕೆ ಬರೋಣ. ಮದುವೆಯಾದ ಮೇಲೆ ಕೆ.ಆರ್. ಪುರದಲ್ಲಿ ಬಾಡಿಗೆ ಮನೆ ಮಾಡುವುದು ಅಂತ ಮಾತಾಗಿತ್ತು. ಆದರೂ ಹುಡುಗಿಯ ಅಜ್ಜಿಗೆ, ಹುಡುಗ ಈಗ ಹೇಗಿದ್ದಾನೆ ಅಂತ ಕಣ್ಣಾರೆ ನೋಡಬೇಕಿತ್ತು. ಆ ಮನೆತನದ್ದೊಂದು ಪದ್ಧತಿ. ಮನಸ್ಸು ಒಪ್ಪುವವರೆಗೆ ಗಂಡಿನ ಕಡೆ ಒಂದು ಗುಟುಕು ನೀರೂ ಮುಟ್ಟುವುದಿಲ್ಲ. ಚಹಾ ಕುಡಿದರೆ ಸಂಬಂಧ ಗಟ್ಟಿ. ಲೋಟ ಹಾಗೇ ಉಳಿದರೆ ಕಥೆ ಮುಗಿಯಿತು. ಶರಣುವಿಗೋ, ಹುಡುಗಿ ಭಾಗ್ಯಾಳನ್ನು ನೋಡಿ ಬಂದ ದಿನದಿಂದ ಕಾಲು ನೆಲದ ಮೇಲಿಲ್ಲ.

ಅಣ್ಣ, ಅತ್ತಿಗೆ ಊರಿನಲ್ಲಿ. ಹಾಗಾಗಿ ಗಂಡಿನ ಕಡೆಯ ಕಮಾಂಡರ್ ನಾನೇ. ಭಾನುವಾರ ಬೆಳಿಗ್ಗೆ ಹೋಗಿ ಆಪರೇಷನ್ ಶುರು ಮಾಡಿದೆ. ರೂಮ್‌ಮೇಟುಗಳು ಮೂವರನ್ನೂ ಅವರ ಮಂಚ, ಡಂಬೆಲ್, ಬಟ್ಟೆ ಒಣಗಿಸುವ ಹಗ್ಗದ ಸಮೇತ ಟೆರೇಸಿಗೆ ಓಡಿಸಿದೆ. ಶರಣುವಿನ ಸಾಮಾನೂ ಮೇಲಕ್ಕೆ. ಉಳಿದ ಒಂದು ಮಂಚಕ್ಕೆ ನನ್ನ ಮನೆಯ ಬಿಳಿ ಬೆಡ್‌ಶೀಟ್. ಟೇಬಲ್ ಮೇಲೆ ಜಗ್, ಬೋರಲು ಹಾಕಿದ ಗಾಜಿನ ಲೋಟ, ಪ್ಲಾಸ್ಟಿಕ್ ಹೂವು. ಬಾತ್‌ರೂಮಿನಲ್ಲಿ ಪೇಪರ್ ಬಿಚ್ಚದ ಪುಟ್ಟ ಸೋಪು.

ಓನರ್ ಬಂದು ಬೆರಗಾದರು. ‘ಮೇಡಂ, ಹಿಂಗೇ ಬಿಟ್ಬಿಡಿ, ಫೋಟೋ ಹೊಡ್ದು ಆನ್‌ಲೈನ್ ಹಾಕ್ಬಿಡ್ತೀನಿ!’ ನಾನು ಉಬ್ಬಿಹೋದೆ.

ಅಜ್ಜಿ ತಮ್ಮ ಮಗನ ಜೊತೆ ಬಂದರು. ಕೊಟ್ಟ ಚಹಾವನ್ನು ಪಕ್ಕಕ್ಕಿಟ್ಟರು. ಹಾಸಿಗೆ ನೋಡಿದರು, ಹೂವು ನೋಡಿದರು, ಬಾತ್‌ರೂಮಿಗೆ ಇಣುಕಿ ಸೋಪನ್ನೂ ನೋಡಿದರು. ಮುಖ ಗಂಟಾಯಿತು.

‘ಯವ್ವಾ, ಸಿಟ್ಟಾಗಬ್ಯಾಡ. ಇದು ಲಾಡ್ಜ್ ಅದ ಅಲ್ಲ?’

‘ಅಯ್ಯೋ, ಅಲ್ರೀ ಅಜ್ಜಿ! ಇಲ್ಲೇ ಇರ್ತಾನ್ರೀ!’

‘ಇರೋ ಮನಷ್ಯಾಂದು ಒಂದ್ ಅಂಗಿನರ ಕಾಣಬೇಕಲ್ಲ? ನಮ್ಗ ತೋರ್ಸಲಿಕ್ಕಿ ಒಂದಿನಕ್ಕ ರೂಮ್ ಹಿಡದೀರೇನು?’

ಶರಣು ಬಿಳಿಚಿಕೊಂಡ. ಅಜ್ಜಿ ಸೆರಗು ಸರಿಮಾಡಿಕೊಂಡು ಎದ್ದೇಬಿಟ್ಟರು. ಕೂಡಿಬಂದ ಸಂಬಂಧವನ್ನು ನಾನೇ ಗುಡಿಸಿ ಹೊರಗೆ ಹಾಕಿದ್ದೆ!

ಆಗ ಟೆರೇಸಿನಿಂದ ಕೂಗು. ‘ಮಗಾ, ಟ್ಯಾಂಕರ್ ಬಂತು! ನೀರು ಬಿಟ್ರು! ಬಕೆಟ್ ಎತ್ಕೋ ಗುರು!’

ಬೇಸಿಗೆಯಲ್ಲಿ ಅಲ್ಲಿ ಟ್ಯಾಂಕರ್ ಬಂದಾಗಷ್ಟೇ ನಲ್ಲಿಯಲ್ಲಿ ನೀರು, ಅದೂ ಸ್ವಲ್ಪ ಹೊತ್ತು. ಮೂವರೂ ಮೆಟ್ಟಿಲು ಹಾರಿ ಒಳನುಗ್ಗಿದರು. ಶರಣು ಅಜ್ಜಿ, ಅತ್ತೆ, ಮದುವೆ ಎಲ್ಲ ಮರೆತು ಹೊಸ ಪ್ಯಾಂಟನ್ನು ಮೊಣಕಾಲಿಗೆ ಮಡಚಿ ಸಾಲಿನಲ್ಲಿ ನಿಂತ. ಕೈಯಿಂದ ಕೈಗೆ ಬಕೆಟ್. ಬಿಳಿ ಬೆಡ್‌ಶೀಟಿನ ಮೇಲೆ ಒದ್ದೆ ಕೊಡ. ಒಬ್ಬ ಹುಡುಗ ಬಕೆಟ್ಟಿನೊಳಗೆ ತುಂಬಿಟ್ಟಿದ್ದ ಶರಣುವಿನ ಜೋಳದ ರೊಟ್ಟಿ ಗಂಟು, ಶೇಂಗಾ ಹಿಂಡಿ (ಅದೇ, ಚಟ್ನಿಪುಡಿ) ಡಬ್ಬಿ ತೆಗೆದು ಅಜ್ಜಿಯ ಕೈಗೇ ಕೊಟ್ಟ. ‘ಸ್ವಲ್ಪ ಹಿಡ್ಕೊಳ್ಳಿ ಅಜ್ಜಿ, ನೆಂದ್ಹೋಗತ್ತೆ.’

ಅಜ್ಜಿ ಮುಚ್ಚಳ ತೆಗೆದು ಹಿಂಡಿ ಮೂಸಿದರು. ಆಮೇಲೆ ಗದರಿದರು. ‘ಮೊದ್ಲ ಕುಡಿಯೋ ನೀರಿನ ಕೊಡ ತುಂಬ್ರೋ!’

ನೀರು ನಿಂತಾಗ ರೂಮೆಲ್ಲ ರಾಡಿ. ಅಜ್ಜಿ ಮತ್ತೆ ಕೂತರು.

‘ಈಗ ಮನಿ ಕಂಡಂಗ ಕಾಣ್ಲಕತ್ತದ. ಚಾ ಆರೇದ, ಬಿಸಿ ಮಾಡ್ಕೊಂಡ್ ಬಾ.’

ಕುಡಿದರು! ಸಕ್ಕರೆ ಕಮ್ಮಿ ಅಂತ ಇನ್ನೊಂದು ಲೋಟ ಹಾಕಿಸಿಕೊಂಡರು! ನಾನು ಆ ಒದ್ದೆ ನೆಲದ ಮೇಲೆ ಕುಣಿಯುವುದೊಂದು ಬಾಕಿ.

ಹೊರಡುವಾಗ ನನ್ನ ಕೈ ಹಿಡಿದು, ‘ಬರೋ ವಾರ ನಿನ್ನ ಮನಿಗೂ ಬರ್ತೀನಿ ಯವ್ವಾ’ ಅಂದರು.

ಅಂದಿನಿಂದ ನಮ್ಮ ಫ್ಲಾಟಿನ ಹಾಲ್ ಅನ್ನೇ ನೋಡುತ್ತಾ ನಿಂತಿದ್ದೇನೆ. ಸುಕ್ಕಿಲ್ಲದ ಸೋಫಾ ಕವರ್, ಬೋರಲು ಹಾಕಿದ ಲೋಟ, ಪ್ಲಾಸ್ಟಿಕ್ ಹೂವು.

ಅಜ್ಜಿ ಇಲ್ಲಿ ಚಹಾ ಕುಡಿದಾರಾ?