ಎರಡು ಟಿಬಿ ಹೊಟ್ಟೆಕಿಚ್ಚು

ಫೋಟೋ ತೆಗೆಯುವಾಗ ನನ್ನ ನೆಗೆಣ್ಣಿಯ ನಾಲಿಗೆಯ ತುದಿ ಬಾಯಿಂದ ಹೊರಗೆ ಬರುತ್ತಿತ್ತು. ಸೂಜಿಗೆ ದಾರ ಪೋಣಿಸುವವರಿಗೆ ಬರುತ್ತದಲ್ಲ, ಹಾಗೆ. ಎಡಗಣ್ಣು ಮುಚ್ಚಿರುತ್ತಿತ್ತು. ಕ್ಯಾಮೆರಾದ ಹಿಂದೆ ಪರದೆ ಇತ್ತು, ಕಣ್ಣು ಮುಚ್ಚಬೇಕಾದ ಕಾರಣವೇ ಇರಲಿಲ್ಲ, ಆದರೂ ಮುಚ್ಚುತ್ತಿದ್ದಳು. ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ಬಿಟ್ಟು ಎದ್ದು ಬಂದಿರುತ್ತಿದ್ದಳಾದ್ದರಿಂದ ಕ್ಯಾಮೆರಾದ ಗುಂಡಿಯ ಸುತ್ತ ಜೋಳದ ಹಿಟ್ಟು ಗಟ್ಟಿಯಾಗಿ ಕೂತಿರುತ್ತಿತ್ತು. "ನಿಂದ್ರ, ನಿಂದ್ರ, ಬೆಳಕ ಹೋಗೂದ್ರಾಗ ಒಂದ" ಅನ್ನುವುದು ಆಕೆಯ ಮಾತು. ಒಂದು ಅಂದವಳು ಹತ್ತು ತೆಗೆಯುತ್ತಿದ್ದಳು. ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕರಕಾಗುತ್ತಿತ್ತು. ಮನೆಯಲ್ಲಿ ಯಾರೂ ಅದಕ್ಕೆ ಬೈಯುತ್ತಿರಲಿಲ್ಲ. ಅದೇ ರೊಟ್ಟಿ ನಾನು ಕರಕು ಮಾಡಿದ್ದರೆ ಮಾತೇ ಬೇರೆ ಇರುತ್ತಿತ್ತು.

ಆ ಹತ್ತೂ ಫೋಟೋಗಳಲ್ಲಿ ಇರುತ್ತಿದ್ದವಳು ನನ್ನ ಮಗಳು.

ಮುಚ್ಚುಮರೆ ಯಾಕೆ, ನಾನು ಆ ನೆಗೆಣ್ಣಿಯನ್ನು ಕಂಡು ಹೊಟ್ಟೆ ಉರಿದುಕೊಂಡವಳು. ಒಂದೆರಡು ದಿನವಲ್ಲ, ಇಪ್ಪತ್ತು ವರ್ಷದ ಮೇಲೆ. ನಾನು ಹುಕ್ಕೇರಿಯ ಸರಕಾರಿ ದವಾಖಾನೆಯಲ್ಲಿ ನರ್ಸು. ಗಂಡ ಮಿಲಿಟರಿಯಲ್ಲಿ, ವರ್ಷಕ್ಕೊಮ್ಮೆ ಬರುವವರು. ಹೆರಿಗೆ ರಜೆ, ಗಳಿಕೆ ರಜೆ ಎಲ್ಲ ತೀರಿದಾಗ ಮಗಳಿಗೆ ಒಂಬತ್ತು ತಿಂಗಳು. ಪಾಳಿಯ ಕೆಲಸ, ಕ್ವಾರ್ಟರ್ಸಿನಲ್ಲಿ ಒಬ್ಬಳೇ, ಕೂಸನ್ನು ಯಾರ ಕೈಗೆ ಕೊಡುವುದು ಎಂದು ಕಣ್ಣೀರು ಹಾಕುತ್ತ ಕೂತಿದ್ದೆ. ತುಕ್ಕಾನಟ್ಟಿಯ ನಮ್ಮ ಕೂಡುಮನೆಯಲ್ಲಿ ಆಗ ಮಾತಾಡಿದವಳು ಈಕೆ, ನನ್ನ ಭಾವನ ಹೆಂಡತಿ.

"ತಂಗೀ, ನೀ ಡ್ಯೂಟಿಗೆ ಹೋಗು. ನನಗ ಎರಡೂ ಗಂಡಮಕ್ಕಳು. ಈ ಹೆಣ್ಣಗೂಸ ನನ್ನ ಕಡೆ ಇರಲಿ."

ಊರೆಲ್ಲ ನನ್ನನ್ನು ಸಿಸ್ಟರ್ ಅನ್ನುತ್ತಿತ್ತು, ಆಕೆ ತಂಗಿ ಅನ್ನುತ್ತಿದ್ದಳು. ಉಳಿದವರು ಆಕೆಯನ್ನು ನೀನು, ತಾನು ಅಂದು ಸಲಿಗೆಯಿಂದ ಇದ್ದರು. ನಾನೊಬ್ಬಳು ಅಕ್ಕಾರ, ಬರ್ರಿ, ಹೋಗ್ರಿ ಅನ್ನುತ್ತಿದ್ದೆ. ಅದನ್ನು ಎಲ್ಲರೂ ಮರ್ಯಾದೆ ಅಂದುಕೊಂಡರು. ಇರಲಿ ಅಂದದ್ದು ಮಗಳ ಹತ್ತನೇ ಇಯತ್ತೆ ಮುಗಿಯುವ ತನಕ ನಡೆಯಿತು.

ಶನಿವಾರ ಮಧ್ಯಾಹ್ನ ಹುಕ್ಕೇರಿಯಲ್ಲಿ ಬಸ್ಸು ಹತ್ತಿ, ಗೋಕಾಕದಲ್ಲಿ ಬದಲಿಸಿ, ಸಂಜೆಗೆ ತುಕ್ಕಾನಟ್ಟಿ ಮುಟ್ಟುತ್ತಿದ್ದೆ. ಗೋಕಾಕದಲ್ಲಿ ಕರದಂಟು ಕಟ್ಟಿಸಿಕೊಳ್ಳುವುದು ತಪ್ಪುತ್ತಿರಲಿಲ್ಲ. ಮಗಳಿಗೆ ಮಾತು ಬಂದಾಗ ಆಕೆಯನ್ನು ದೊಡ್ಡವ್ವ ಅನ್ನಲು ಕಲಿಸಿದೆವು. ಎಳೆ ನಾಲಿಗೆಗೆ ಅದು ಉದ್ದವಾಯಿತೋ ಏನೋ, 'ದೊಡ್ಡ' ಉದುರಿ ಬರೀ ಅವ್ವ ಉಳಿಯಿತು. ಮತ್ತೆ ನನ್ನನ್ನು ಏನಾದರೂ ಅನ್ನಬೇಕಲ್ಲ? ನಾನು ಹುಕ್ಕೇರಿ ಅವ್ವ ಆದೆ. ಬಸ್ಸಿಳಿದು ಬರುವ ನನ್ನನ್ನು ಕಂಡ ಕೂಡಲೇ "ಹುಕ್ಕೇರಿ ಅವ್ವ ಬಂದ್ಲು" ಎಂದು ಕೂಗಿ ಒಳಗೆ ಓಡುತ್ತಿದ್ದಳು, ಆಕೆಗೆ ಸುದ್ದಿ ಮುಟ್ಟಿಸಲು. ಮನೆಮಂದಿಯೆಲ್ಲ ನಗುತ್ತಿದ್ದರು. ಕರದಂಟಿನ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತು ನಾನೂ ನಗುತ್ತಿದ್ದೆ.

ಭಾವ ಸಕ್ಕರೆ ಕಾರ್ಖಾನೆಯಲ್ಲಿದ್ದರು. ಒಂದು ದೀಪಾವಳಿಗೆ ಸಣ್ಣದೊಂದು ಡಿಜಿಟಲ್ ಕ್ಯಾಮೆರಾ ತಂದರು. ಮುಂದೆ ಗಂಡುಮಕ್ಕಳ ಓದಿಗೆಂದು ಕಂಪ್ಯೂಟರ್ ಬಂತು. ಎರಡನ್ನೂ ಆಕೆಯೇ ವಹಿಸಿಕೊಂಡಳು. ಏಳನೇ ಇಯತ್ತೆ ಓದಿದ ಹೆಂಗಸು ಮಕ್ಕಳನ್ನು ಕೇಳಿ ಕೇಳಿ ಎಲ್ಲ ಕಲಿತಳು. ತೆಗೆದದ್ದನ್ನು ಅಳಿಸುವ ಮಾತೇ ಇರಲಿಲ್ಲ. ಮಸುಕಾದ ಫೋಟೋ ತೋರಿಸಿ ಇದನ್ನಾದರೂ ತೆಗೆಯಬಾರದೇ ಅಂದರೆ, "ಇರಲಿ ಬಿಡು. ಅಲ್ಲಾಡಿದ್ರ ಏನಾತು, ಆಕೀನ ಅಲ್ಲ?" ಅನ್ನುತ್ತಿದ್ದಳು.

ಶನಿವಾರ ಊಟವಾದ ಮೇಲೆ ನನ್ನನ್ನು ಕಂಪ್ಯೂಟರ್ ಮುಂದೆ ಕೂಡಿಸಿ ಇಡೀ ವಾರದ ಫೋಟೋ ತೋರಿಸುವುದು ಆಕೆಯ ಪದ್ಧತಿ. "ನೋಡ ತಂಗೀ, ಸೋಮವಾರ ಹಲ್ಲ ಬಿತ್ತು. ಮಂಗಳವಾರ ತಾನ ಜಡಿ ಹಾಕ್ಕೊಂಡ್ಲು, ಹೆಂಗ ಹಾಕ್ಕೊಂಡಾಳ ನೋಡ." ನನಗೆ ಅದು ಕೇಳುತ್ತಿದ್ದದ್ದು ಬೇರೆಯೇ. ನಿನ್ನ ಮಗಳ ಹಲ್ಲು ಬಿದ್ದಾಗ ನಾನಿದ್ದೆ, ನೀನಿರಲಿಲ್ಲ. ಜಡೆ ಹಾಕಿಕೊಂಡಾಗ ನಾನಿದ್ದೆ, ನೀನಿರಲಿಲ್ಲ. "ಚೊಲೋ ಬಂದಾವ್ರಿ ಅಕ್ಕಾರ" ಅಂದು ತಲೆನೋವೆಂದು ಏಳುತ್ತಿದ್ದೆ.

ಮಗಳಿಗೆ ಮದುವೆ ಗೊತ್ತಾದ ವರ್ಷ ಆ ಕಂಪ್ಯೂಟರ್ ಈಗಲೋ ಆಗಲೋ ಅನ್ನುವ ಸ್ಥಿತಿಗೆ ಬಂದಿತ್ತು. ಫೋಟೋಗಳೆಲ್ಲ ಹೋಗಿಬಿಟ್ಟಾವು ಎಂದು ಮಗಳು ಗಾಬರಿಯಾದಳು. "ನಾ ಒಂದ ಡ್ರೈವ್ ತಗೋತೀನಿ, ಎಲ್ಲಾ ಅದರಾಗ ಹಾಕೂಣು" ಎಂದೆ. ಎಲ್ಲರೂ ಮೆಚ್ಚಿದರು. ಎಷ್ಟೋ ವರ್ಷದಿಂದ ನಾನು ಕಾದದ್ದು ಇದಕ್ಕೇ ಎಂದು ಯಾರಿಗೆ ಗೊತ್ತಿತ್ತು? ನನ್ನ ಮಗಳ ಬಾಲ್ಯ ಆಕೆಯ ಮನೆಯಿಂದ ನನ್ನ ಕೈಗೆ ಬರುವುದಿತ್ತು.

ಗೋಕಾಕದ ಬಸ್ ನಿಲ್ದಾಣದ ಹತ್ತಿರ ಒಂದು ಕಂಪ್ಯೂಟರ್ ಅಂಗಡಿ ಇದೆ. ಅಂಗಡಿಯವರು ತಮ್ಮ ತಾಯಿಗೆ ಇಂಜೆಕ್ಷನ್ ಮಾಡಿಸಲು ನಮ್ಮ ದವಾಖಾನೆಗೆ ಬಂದು ಪರಿಚಯವಾದವರು.

"ಎಷ್ಟ ಫೋಟೋ ಅದಾವ್ರಿ ಸಿಸ್ಟರ್?"

"ಇಪ್ಪತ್ತ ವರ್ಷದ್ದು ಅದಾವ್ರಿ. ವಿಡಿಯೋನೂ ಅದಾವು."

"ಹಂಗಾರ ಒಂದ ಟಿಬಿ ರಗಡ ಆತು."

"ಎರಡ ಟಿಬಿದು ಕೊಡ್ರಿ. ಲಗೂ ಕಾಪಿ ಆಗೂದು ಎಸ್ಸೆಸ್ಡಿ ಅಂತಾರಲ್ರಿ, ಅದು."

ಅವರು ನಕ್ಕರು. "ದವಾಖಾನ್ಯಾಗ ಟಿಬಿ ಕಡಿಮಿ ಮಾಡೂ ಮಂದಿ ನೀವು, ಇಲ್ಲಿ ಬಂದು ಹೆಚ್ಚ ಕೇಳತೀರಲ್ರಿ."

ನಾನೂ ನಕ್ಕೆ, ಕಾರಣ ಹೇಳಲಿಲ್ಲ. ಆಕೆ ತೆಗೆದದ್ದೆಲ್ಲ ಹೋಗಿ ಒಂದು ಮೂಲೆಯಲ್ಲಿ ಬೀಳಬೇಕು, ಉಳಿದ ಜಾಗವೆಲ್ಲ ನನಗೆ ಇರಬೇಕು. ಮದುವೆ, ಬಾಣಂತನ, ಮೊಮ್ಮಕ್ಕಳು, ಇನ್ನು ಮುಂದಿನದನ್ನೆಲ್ಲ ನಾನು ತೆಗೆಯುವವಳು. ದೊಡ್ಡ ಡ್ರೈವಿನ ಲೆಕ್ಕ ಅದು.

"ಆದರ ಎಸ್ಸೆಸ್ಡಿ ಯಾಕ್ರಿ?" ಎಂದರು. "ಮನಿಯಾಗ ಫೋಟೋ ಇಡಾಕ ತಿರುಗೂ ಡಿಸ್ಕ್ ಸಾಕು. ಕ್ರಯಾನೂ ಕಡಿಮಿ. ಸ್ವಲ್ಪ ಸಾವಕಾಶ ಕಾಪಿ ಆಗತಾವು, ಅಷ್ಟ."

"ಸಾವಕಾಶ ಬ್ಯಾಡ್ರಿ. ಅಲ್ಲಿ ಭಾಳ ಹೊತ್ತ ಕೂಡಾಕ ಆಗೂದಿಲ್ಲ."

ಅವರು ಎರಡು ಎಸ್ಸೆಸ್ಡಿ ತೆಗೆದು ಮುಂದಿಟ್ಟರು. ಒಂದು ತೆಳ್ಳಗೆ, ಬಿಸ್ಕಿಟಿನಷ್ಟು. ಇನ್ನೊಂದಕ್ಕೆ ರಬ್ಬರಿನ ಕವಚ. ರಬ್ಬರಿನದನ್ನು ಮೇಲಿಂದ ಬೇಕೆಂದೇ ಬೀಳಿಸಿ ತೋರಿಸಿದರು. ಒಳಗೆ ತಿರುಗುವಂಥದ್ದು ಏನೂ ಇಲ್ಲ, ಅದಕ್ಕೇ ಪೆಟ್ಟು ತಡೆಯುತ್ತದೆ ಎಂದರು. ಚಹಾಕ್ಕೆ ಹೇಳಿ ಅದನ್ನು ತಮ್ಮ ಲ್ಯಾಪ್‌ಟಾಪಿಗೆ ಚುಚ್ಚಿದರು. ಚಹಾ ಬರುವುದರೊಳಗೆ ಯಾರದೋ ಮದುವೆಯ ಇಡೀ ವಿಡಿಯೋ ಒಳಗೆ ಹೋಗಿತ್ತು. ಅದನ್ನೇ ತೆಗೆದುಕೊಂಡೆ.

"ಒಂದ ಮಾತ ನೆನಪಿಡ್ರಿ," ಎಂದರು ಚೀಲ ಕೊಡುತ್ತ. "ಇದರಾಗ ಹಾಕಿದ್ರಿ ಅಂತ ಅಲ್ಲಿದ್ದದ್ದ ತಗೀಬ್ಯಾಡ್ರಿ. ಎರಡ ಕಡೆ ಇರಬೇಕು."

"ಆತ್ರಿ" ಎಂದೆ. ನನಗೆ ಬೇಕಾಗಿದ್ದು ಒಂದೇ ಕಡೆ, ನನ್ನ ಕಡೆ.

ಅರ್ಧ ತಾಸಿನಲ್ಲಿ ಕೆಲಸ ಮುಗಿಸಿ ಮುಂದಿನ ಬಸ್ಸಿಗೇ ತಿರುಗಿ ಹೊರಡುವುದೆಂದು ತುಕ್ಕಾನಟ್ಟಿಗೆ ಹೋದೆ. ಡ್ರೈವನ್ನು ಚುಚ್ಚಿದರೆ ಪರದೆಯ ಮೇಲೆ ಇನ್ನು ಹನ್ನೊಂದು ತಾಸು ಎಂದು ಬಂತು. ಅಂಗಡಿಗೆ ಫೋನ್ ಮಾಡಿ ದಬಾಯಿಸಿದೆ. "ಡ್ರೈವ್ ಎಷ್ಟ ಓಡತದ ಅಂದ್ರೂ ಕಂಪ್ಯೂಟರೂ ಓಡಬೇಕಲ್ರಿ ಸಿಸ್ಟರ್. ಹಳೇದರಾಗ ಅದು ಹಂಗ" ಎಂದರು. ಅಷ್ಟು ಹುಡುಕಿ ತಂದ ವೇಗ ನನ್ನ ನೆಗೆಣ್ಣಿಯ ಮನೆಯಲ್ಲಿ ಕಾಲು ಮುರಿದುಕೊಂಡು ಕೂತಿತು.

ಆಕೆಗೆ ಹಿಡಿಸಲಾರದ ಸಂತೋಷ. "ಚೊಲೋ ಆತ ಬಿಡು. ಇವತ್ತರ ಕೂಡು." ಝುಣಕಾ ಮಾಡಿದಳು, ರೊಟ್ಟಿ ಮಾಡಿದಳು, ಕುರ್ಚಿ ಎಳೆದು ಬಾಜೂ ಕೂತಳು. ಫೋಟೋಗಳನ್ನು ಒಂದೊಂದೇ ತೆರೆದು ಹೇಳುತ್ತ ಹೋದಳು. ಒಂದರಲ್ಲಿ ಮಗಳು ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದಳು.

"ಜ್ವರದಾಗ ಇದ್ಯಾಕ ತಗದ್ರಿ ಅಕ್ಕಾರ?"

"ನಿನಗ ತೋರಿಸಿದ್ರ ಗುಳಿಗಿ ಹೇಳತಿ ಅಂತ. ನೀ ಬರೂದ್ರಾಗ ಜ್ವರಾನ ಇಳದ್ವು."

ಊರ ಮಕ್ಕಳ ಜ್ವರಕ್ಕೆಲ್ಲ ರಾತ್ರಿ ಎದ್ದು ಕೂತವಳು ನಾನು. ನನ್ನ ಮಗಳ ಜ್ವರಕ್ಕೆ ಕೂತವಳು ಈಕೆ. ಹನ್ನೊಂದು ತಾಸೂ ಪರದೆಯ ಮೇಲಿನ ಲೆಕ್ಕವನ್ನೇ ನೋಡುತ್ತ ಕೂತೆ. ಬೆಳಗ್ಗೆ ಮೊದಲ ಬಸ್ಸಿಗೆ ಡ್ರೈವನ್ನು ಬಗಲಚೀಲದಲ್ಲಿ ಹಾಕಿಕೊಂಡು ಹೊರಟೆ.

ಮರುವಾರ ಆಕೆ ಆ ಕಂಪ್ಯೂಟರನ್ನು ಮೋಡಕಾದವನಿಗೆ, ಹಳೇ ಸಾಮಾನು ಕೊಳ್ಳುವವನಿಗೆ, ಹಾಕಿದಳು. ಫೋಟೋ ತುಂಬಿಟ್ಟಿದ್ದ ಹಳೆಯ ಸಿಡಿಗಳೂ ಅದರ ಜೊತೆ ಹೋದವು. ಯಾಕ್ರಿ ಅಂದರೆ, "ಎಲ್ಲಾ ನಿನ್ನ ಕಡೆ ಅದಾವಲ್ಲ ತಂಗೀ, ಮತ್ತ್ಯಾಕ?" ಎಂದಳು. ಎರಡು ಕಡೆ ಇರಬೇಕು ಎಂಬ ಅಂಗಡಿಯವರ ಮಾತು ನನ್ನ ಗಂಟಲಿನ ತನಕ ಬಂತು. ನುಂಗಿದೆ.

ಹುಕ್ಕೇರಿಯ ಕ್ವಾರ್ಟರ್ಸಿನಲ್ಲಿ ಮಧ್ಯಾಹ್ನದ ಹೊತ್ತು ಡ್ರೈವನ್ನು ನನ್ನ ಲ್ಯಾಪ್‌ಟಾಪಿಗೆ ಚುಚ್ಚಿ ನಿಧಾನಕ್ಕೆ ನೋಡುತ್ತ ಬಂದೆ. ಭಾವ, ಇಲ್ಲವೇ ಗಂಡುಮಕ್ಕಳು ತೆಗೆದ ಫೋಟೋಗಳೂ ನಡುನಡುವೆ ಇದ್ದವು. ಅವುಗಳಲ್ಲಿ ಆಕೆ ಇದ್ದಳು. ಮಗಳನ್ನು ಟೊಂಕದ ಮೇಲೆ ಹೊತ್ತವಳು, ತಲೆ ಬಾಚುವವಳು, ತುತ್ತು ಕೊಡುವವಳು. ಒಂದರಲ್ಲಿ ಮಗಳು ಬಾಯಿ ತೆರೆದು ತುತ್ತಿಗೆ ಕಾಯುತ್ತ ಆಕೆಯ ಮುಖ ನೋಡುತ್ತಿದ್ದಳು. ನನ್ನ ಮುಖವನ್ನು ಒಂದು ದಿನವೂ ಹಾಗೆ ನೋಡಿದವಳಲ್ಲ. ಅದನ್ನು ಅಳಿಸಿದೆ. ಖಾಯಂ ಅಳಿಸಲೇ ಎಂದು ಲ್ಯಾಪ್‌ಟಾಪ್ ಕೇಳಿತು, ಹೌದು ಎಂದು ಒತ್ತಿದೆ. ಆಮೇಲೆ ಒಂದಾದ ಮೇಲೊಂದು ಅಳಿಸುತ್ತ ಹೋದೆ. ವಾರ ಮುಗಿಯುವಷ್ಟರಲ್ಲಿ ಇಡೀ ಡ್ರೈವಿನಲ್ಲಿ ಆಕೆಯ ಮುಖ ಒಂದೂ ಉಳಿಯಲಿಲ್ಲ. ಫೋಟೋದ ಅಂಚಿನಲ್ಲಿ ಬಂದ ಬಳೆಗೈ, ಸೀರೆಯ ಸೆರಗು, ಅಷ್ಟೇ ಬಿಟ್ಟೆ. ಆ ದಿನಗಳಲ್ಲಿ ನಾನು ಬಹಳ ಹಗುರಾಗಿದ್ದೆ, ಸುಳ್ಳು ಯಾಕೆ ಹೇಳಲಿ.

ಮಗಳ ಮದುವೆಯಾಗಿ ಆರು ತಿಂಗಳಿಗೆ ನೆಗೆಣ್ಣಿಯ ಎರಡೂ ಕಿಡ್ನಿ ಸೋತವು. ವಾರಕ್ಕೆರಡು ಸಲ ಗೋಕಾಕಕ್ಕೆ ಡಯಾಲಿಸಿಸ್. ಪಾಳಿ ಬದಲಿಸಿಕೊಂಡು ಆದಷ್ಟು ಸಲ ನಾನೇ ಜೊತೆಗಿದ್ದೆ. ಬಾಜೂ ಹಾಸಿಗೆಯವರಿಗೆ ಆಕೆ ನನ್ನನ್ನು ತೋರಿಸಿ, "ನಮ್ಮ ತಂಗಿ. ಹುಕ್ಕೇರಿ ದವಾಖಾನ್ಯಾಗ ಸಿಸ್ಟರ್ ಅದಾಳ. ಆಕಿ ಇದ್ರ ನನಗ ಅಂಜಿಕಿ ಇಲ್ಲ" ಅನ್ನುತ್ತಿದ್ದಳು. ಸೇಬು, ಮೋಸಂಬಿ ಹಿಡಿದು ಆಕೆಯನ್ನು ನೋಡಲು ಬಂದವರಿಗೆ ಲೆಕ್ಕವಿರಲಿಲ್ಲ. ನನ್ನ ಮಗಳು ತನ್ನ ಗಂಡನ ಊರಿನಿಂದ ಬಂದವಳು ನೇರ ಆಕೆಯ ಹಾಸಿಗೆಗೆ ಹೋಗುತ್ತಿದ್ದಳು. ಸೂಜಿ ಚುಚ್ಚಿಸಿಕೊಂಡು ಮಲಗಿದವಳ ಮೇಲೂ ನನಗೆ ಹೊಟ್ಟೆ ಉರಿಯುತ್ತಿತ್ತು. ಇಂಥ ಹೆಂಗಸು ನಾನು.

ಡಯಾಲಿಸಿಸ್ ಶುರುವಾಗಿ ವರ್ಷ ತುಂಬುವುದರೊಳಗೆ ಹೋಗಿಬಿಟ್ಟಳು.

ಕಾರ್ಯವೆಲ್ಲ ಮುಗಿದ ಮೇಲೆ ಆಕೆಯ ಹಿರಿಮಗ ನನ್ನ ಹತ್ತಿರ ಬಂದ. "ಕಾಕಿ, ಅವ್ವಂದ ಒಂದ ಹಳೇ ಫೋಟೋ ಬೇಕರಿ. ನಮ್ಮ ಫೋನಿನ್ಯಾಗ ಇದ್ದದ್ದೆಲ್ಲಾ ಜಡ್ಡಿನಾಗಿಂದು, ಮಾರಿ ಇಳದದ್ದು. ಮದುವಿ ಫೋಟೋದಾಗೂ ಆಗಲೇ ಮಾರಿ ಬಾತಿತ್ತು. ಆಗಿನ ಕಾಲದ್ದು, ನಗತಿದ್ದದ್ದು ಒಂದ ಕೊಡ್ರಿ. ಚೌಕಟ್ಟ ಹಾಕಸ್ತೀವಿ."

"ಹುಡಕತೀನಿ" ಎಂದೆ.

ಮರುದಿನವೇ ಗೋಕಾಕದ ಅಂಗಡಿಗೆ ಓಡಿದೆ. ಅಳಿಸಿದ್ದನ್ನು ತಿರುಗಿ ತರಲು ಬರುತ್ತದೆ ಎಂದು ಯಾರೋ ಅಂದದ್ದು ಕೇಳಿದ್ದೆ. ಅಂಗಡಿಯವರು ಮೂರು ತಾಸು ಏನೇನೋ ಮಾಡಿ ನೋಡಿ ತಲೆ ಅಲ್ಲಾಡಿಸಿದರು.

"ತಿರುಗೂ ಡಿಸ್ಕ್ ಆಗಿದ್ರ ಅಳಿಸಿದ್ರೂ ಒಳಗ ಏನರ ಉಳದಿರತಿತ್ರಿ. ಇದು ಹಂಗಲ್ಲ. ಅಳಸ್ರಿ ಅಂದ್ರ ಆ ಜಾಗಾ ಪೂರಾ ಖಾಲಿ ಮಾಡಿ ಇಟಗೋತದ. ಬ್ಯಾರೆ ಕಡೆ ಇಟ್ಟಿರಿಲ್ರಿ?"

ಹುಕ್ಕೇರಿ ಬಸ್ಸಿನಲ್ಲಿ ಕೂತು ಅಳಿಸಿದ ಫೋಟೋಗಳನ್ನು ಒಂದೊಂದಾಗಿ ನೆನಪಿಗೆ ತಂದುಕೊಳ್ಳಲು ನೋಡಿದೆ. ಬಹಳಷ್ಟು ನೆನಪಿದ್ದವು. ಯಾವ ಸೀರೆ, ಯಾವ ಕಟ್ಟೆ, ಮಗಳ ಕೈ ಆಕೆಯ ಕೊರಳಲ್ಲಿ ಎಲ್ಲಿತ್ತು ಎನ್ನುವುದೂ ನೆನಪಿತ್ತು. ಅಷ್ಟು ಲಕ್ಷ್ಯ ಕೊಟ್ಟು ನೋಡಿ ಅಳಿಸಿದ್ದೆ.

ಡ್ರೈವ್ ಕೆಟ್ಟಿತು ಎಂದುಬಿಟ್ಟರೆ ಮುಗಿಯುತ್ತಿತ್ತು. ಭಾನುವಾರ ತುಕ್ಕಾನಟ್ಟಿಗೆ ಹೋದಾಗ ಬಾಯಿಯ ತುದಿಯಲ್ಲಿ ಅದೇ ಇತ್ತು. ಹುಡುಗ ಖಾಲಿ ಚೌಕಟ್ಟನ್ನು ಆಗಲೇ ತಂದು ಗೋಡೆಗೆ ಆನಿಸಿಟ್ಟಿದ್ದ. ಅದನ್ನು ನೋಡಿ ಸುಳ್ಳು ಏಳಲಿಲ್ಲ. ಅವನ ಮುಂದೆ, ಅವತ್ತು ಅಲ್ಲಿಯೇ ಇದ್ದ ನನ್ನ ಮಗಳ ಮುಂದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಾನೇ ಅಳಿಸಿದೆ, ಹೊಟ್ಟೆಕಿಚ್ಚಿಗೆ ಅಳಿಸಿದೆ ಎಂದೆ. ಅವನು ನನ್ನ ಮುಖ ನೋಡಲಿಲ್ಲ. ಎದ್ದು ಎಮ್ಮೆಗೆ ನೀರು ಕುಡಿಸಲು ಹೋದ.

ಮಗಳು ಕದಲಲಿಲ್ಲ. "ನನಗ ಗೊತ್ತಿತ್ತ ಅವ್ವಾ" ಎಂದಳು. "ದೊಡ್ಡವ್ವಗೂ ಗೊತ್ತಿತ್ತು."

"ಹೆಂಗ?" ಎಂದೆ.

"ಮದುವಿ ಮುಂದ ನಾ ನಿನ್ನ ಲ್ಯಾಪ್‌ಟಾಪ್, ಆ ಡ್ರೈವ್ ಎರಡೂ ಇಸ್ಕೊಂಡ ಇಲ್ಲಿ ತಂದಿದ್ನೆಲ್ಲ. ಇಬ್ರೂ ಕೂಡಿ ನೋಡಿದ್ವಿ. ಎಷ್ಟ ಹುಡಕಿದ್ರೂ ಒಂದ್ರಾಗೂ ದೊಡ್ಡವ್ವ ಇಲ್ಲ. ನಿನಗ ಆಗಿಂದಾಗ ಫೋನ್ ಮಾಡಾಕ ಹೊಂಟಿದ್ದೆ. ಆಕಿ ನನ್ನ ಕೈ ಹಿಡದ್ಲು."

"ಏನಂದ್ರು?"

"ನಿಮ್ಮವ್ವನ ಪಾಲಿನ ದಿನಾ ಎಲ್ಲಾ ನಾ ಉಂಡೇನಿ. ಫೋಟೋನರ ಆಕಿವು ಇರಲಿ ಬಿಡು, ಅಂದ್ಲು. ಈ ಮಾತ ನಮ್ಮಿಬ್ಬರಾಗ ಇರಲಿ, ಅಂದ್ಲು."

ಆ ಮೇಲೆ ಒಂದೂವರೆ ವರ್ಷ ಆಕೆ ಬದುಕಿದ್ದಳು. ಡಯಾಲಿಸಿಸ್ ಹಾಸಿಗೆಯ ಬಳಿ ತಾಸುಗಟ್ಟಲೆ ಕೂತಿದ್ದೆ, ಆಕೆ ನನ್ನನ್ನು ಒಂದು ಸಲವೂ ಬೇರೆ ಕಣ್ಣಿನಿಂದ ನೋಡಲಿಲ್ಲ. ಅವತ್ತು ನನಗೆ ನಾಚಿಕೆಯಾಯಿತು, ಅತ್ತುಬಿಟ್ಟೆ ಕೂಡ. ಆದರೆ ಅದಕ್ಕೂ ಮೊದಲು ಆದದ್ದು ಹೊಟ್ಟೆಕಿಚ್ಚು. ಆ ಮಾತನ್ನು ಆಕೆ ನನಗೆ ಹೇಳದೆ ನನ್ನ ಮಗಳಿಗೆ ಹೇಳಿದಳು, ಮಗಳು ಅದನ್ನು ಅಷ್ಟು ದಿನ ಒಳಗಿಟ್ಟುಕೊಂಡಳು. ಮಗಳು ಈಗ ನನ್ನನ್ನು ಬರೀ ಅವ್ವ ಅನ್ನುತ್ತಾಳೆ, ದಿನಾ ಫೋನ್ ಮಾಡುತ್ತಾಳೆ, ಅಡಿಗೆ ಏನು ಎಂದು ಕೇಳುತ್ತಾಳೆ. ನಮ್ಮಿಬ್ಬರಲ್ಲಿ ಮಾತ್ರ ಇರುವಂಥ ಮಾತು ಒಂದೂ ಇಲ್ಲ.