ಹೊಳೆಗಿಂತ ಮೊದಲು ಸುದ್ದಿ ಬರಬೇಕು

ಹೋದ ಮಳೆಗಾಲದಲ್ಲಿ ನನ್ನ ಗಂಡ ಸೊಂಟದವರೆಗಿನ ನೀರಿನಲ್ಲಿ ನಿಂತು ಪಂಪ್‌ಸೆಟ್ಟಿನ ಮೋಟಾರು ಬಿಚ್ಚುತ್ತಿದ್ದಾಗ ಭೀಮಾ ಹೊಳೆ ಒಮ್ಮೆಲೇ ಏರಿತು. ಕಾಲು ಜಾರಿ ಅವರು ಮುಳುಗಿದರು. ದಂಡೆಯ ಮೇಲಿದ್ದ ನನಗೆ ಕೂಗಲೂ ಆಗಲಿಲ್ಲ. ಪಕ್ಕದ ಹೊಲದ ಚಾಚಾ ಉದ್ದನೆಯ ಪೈಪೊಂದನ್ನು ಒಡ್ಡಿ ಅವರನ್ನು ಎಳೆದುಕೊಂಡರು. ಈಗಲೂ ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಕೂತಾಗ, ಅದೇ ನೀರು ಕಣ್ಣ ಮುಂದೆ ಏರುತ್ತದೆ. ಆ ನೋಟದಲ್ಲಿ ಮಾತ್ರ ಪೈಪು ಅವರ ಕೈಗೆ ಸಿಗುವುದಿಲ್ಲ.

ಮೇಲೆ ಸೊಲ್ಲಾಪುರದ ಕಡೆಯ ಅಣೆಕಟ್ಟೆಯಿಂದ ನೀರು ಬಿಡುವ ಪ್ರಕಟಣೆ ಅಂದು ಮುಂಜಾನೆಯೇ ಊರಿನ ವಾಟ್ಸಾಪ್ ಗುಂಪಿಗೆ ಬಂದಿತ್ತು. ನಮ್ಮ ಮಣ್ಣೂರಿನಲ್ಲಿ ಯಾರೂ ನಂಬಲಿಲ್ಲ. ಮೋಡ ಕಂಡರೆ ಸಾಕು, ಯಾರಾದರೊಬ್ಬರು ಹಳೆಯ ಪ್ರಕಟಣೆಯನ್ನೇ ಮತ್ತೆ ಕಳಿಸುವುದು ನಮ್ಮಲ್ಲಿ ರೂಢಿ. "ಹೋದ ವರ್ಷದ್ದು ಅದ, ಬಿಡ್ರಿ" ಎಂದು ಎಲ್ಲರೂ ಹೊಲಕ್ಕೆ ಹೋಗಿದ್ದರು.

ಇನ್ನೊಮ್ಮೆ ಹಾಗಾಗಲು ಬಿಡುವುದಿಲ್ಲವೆಂದು ನಿಶ್ಚಯಿಸಿದೆ. ಜೇವರ್ಗಿಯಲ್ಲಿರುವ ತಂಗಿ ಫೀಡ್ ರೀಡರ್ ಹಾಕಿಕೋ ಎಂದಳು. ನಾವು ಆರಿಸಿದ ಜಾಲತಾಣ, ಬ್ಲಾಗುಗಳಲ್ಲಿ ಹೊಸದಾಗಿ ಬಂದದ್ದನ್ನು ಒಂದೇ ಕಡೆ ತಂದು, ಪ್ರಕಟವಾದ ವೇಳೆಯೊಂದಿಗೆ ತೋರಿಸುವ ಆ್ಯಪ್ ಅದು. ಸೊಲ್ಲಾಪುರದ ಕಡೆಯ ನಿವೃತ್ತ ಎಂಜಿನಿಯರೊಬ್ಬರು ಆ ಅಣೆಕಟ್ಟೆಯಿಂದ ನೀರು ಬಿಟ್ಟಾಗಲೆಲ್ಲ ಮರಾಠಿಯಲ್ಲಿ ಬ್ಲಾಗು ಬರೆಯುತ್ತಾರೆಂದು ಹುಡುಕಿ ತಿಳಿದೆ.

ಮೊದಲು ಹಾಕಿದ ರೀಡರ್ ನನಗೆ ಇಷ್ಟವಾಗಬಹುದೆಂದು ತಾನೇ ಊಹಿಸಿ ರಂಗೋಲಿ, ಅಡುಗೆಗಳನ್ನು ಮೇಲಿಟ್ಟು ಹೊಳೆಯ ಸುದ್ದಿಯನ್ನು ಎಲ್ಲೋ ಕೆಳಗೆ ತಳ್ಳಿತು. ತೆಗೆದುಹಾಕಿದೆ. ಎರಡನೆಯದು ನಾನು ತೆರೆದಾಗಷ್ಟೇ ಹೊಸದನ್ನು ತರುತ್ತಿತ್ತು. ನಾನು ತೆರೆಯುವವರೆಗೆ ಹೊಳೆ ಕಾಯುವುದೇ? ಅದನ್ನೂ ತೆಗೆದೆ.

ಗಂಡ ನಕ್ಕರು. "ಏನ್ ಬೇ, ದಿನಾ ಒಂದು ಹಾಕ್ತಿ, ಒಂದು ತೆಗೀತಿ. ಹೊಳಿ ಇಲ್ಲೇ ಅದ, ಹೋಗಿ ನೋಡಿ ಬಾ."

"ಒಮ್ಮೆ ನೋಡೇನ್ರಿ. ಸಾಕಾಗ್ಯದ."



ಮೂರನೆಯ ರೀಡರಿನಲ್ಲಿ ಬಣ್ಣವಿಲ್ಲ, ಚಿತ್ರವಿಲ್ಲ. ಹೊಸದು ಮೇಲೆ, ಹಳೆಯದು ಕೆಳಗೆ. ಬ್ಲಾಗಿನಲ್ಲಿ ಏನಾದರೂ ಬಂದರೆ ಸದ್ದು ಮಾಡುತ್ತದೆ. ಅದನ್ನೇ ಉಳಿಸಿಕೊಂಡೆ.

ಈ ಮಳೆಗಾಲದ ಒಂದು ಮಧ್ಯಾಹ್ನ ಅವರು ಊಟಕ್ಕೆ ಕೂತಾಗ ಅದು ಸದ್ದು ಮಾಡಿತು.

"ಹಳೇದಿರಬೇಕು" ಎಂದರು.

"ತಾರೀಖು ನೋಡ್ರಿ. ಇವತ್ತಿಂದು ಅದ. ಈಗ ಬರದಾರ."

ನೀರು ಬಿಟ್ಟರೆಂಬ ಮರಾಠಿಯ ಆ ಸಾಲುಗಳನ್ನು ಅವರು ಎರಡೆರಡು ಸಲ ಓದಿ, ಅರ್ಧ ರೊಟ್ಟಿ ಬಿಟ್ಟು ಎದ್ದರು. ಚಾಚಾರನ್ನೂ ಕರೆದುಕೊಂಡು ಹೊಳೆಗೆ ಹೋದೆವು. ನೀರಿನ್ನೂ ಮೊಣಕಾಲಿನ ಕೆಳಗಿತ್ತು. ಮೋಟಾರು ಮೇಲೆತ್ತುವಾಗ ದಂಡೆಯಲ್ಲಿದ್ದ ತರುಣ ರೈತನೊಬ್ಬ ಕೂಗಿದ.

"ಏನ್ ಚಾಚಾ, ಹೊಳಿ ಇನ್ನಾ ಮಲಗ್ಯದ, ನೀವಾಗ್ಲೇ ಓಡಾಕತ್ತೀರಿ?"

"ಓಡಾಕ ಈಗಾದ್ರ ದಾರಿ ಅದ. ನೀನೂ ಬಾ ಲೇ" ಎಂದರು ಚಾಚಾ.

ಅವನು ನಗುತ್ತಲೇ ಬಂದು ತನ್ನ ಮೋಟಾರನ್ನೂ ಎತ್ತಿಸಿದ.

ಮರುದಿನ ಮುಂಜಾನೆ ನೀರು ಬಂತು. ಮೋಟಾರಿದ್ದ ಜಾಗ ಮುಳುಗುವುದನ್ನು ದಂಡೆಯ ಮೇಲಿಂದ ನೋಡಿದೆ. ಗಂಡ ಪಕ್ಕದಲ್ಲೇ ನಿಂತಿದ್ದರೂ ಮತ್ತೆ ಮತ್ತೆ ತಿರುಗಿ ಅವರನ್ನು ನೋಡಿಕೊಂಡೆ. ಆ ತರುಣ ಹತ್ತಿರ ಬಂದು ಮೊಬೈಲು ಮುಂದೆ ಹಿಡಿದ.

"ವೈನಿ, ಚಾಚಾ ಹೇಳಿದ್ರು, ನನಗೂ ಆ ರೀಡರ್ ಹಾಕಿಕೊಡ್ರಿ."

ಹಾಕಿಕೊಟ್ಟು, ಸದ್ದನ್ನು ಪೂರ್ತಿ ಏರಿಸಿದೆ.